ಕುದುರೆಯ ಹಿಂದೆ ಓಡಿದ ಕೋಣದ ಯಜಮಾನ

ಬುಸೈತೀನ್: ಮೇಲಿನ ಮನೆ, ಕೆಳಗಿನ ಮನೆ

ಕಂಬಳದ ಸೀಸನ್ನಿನಲ್ಲಿ ನಾನು ಊರು ಬಿಟ್ಟದ್ದು ಇದೇ ಮೊದಲು. ಕಾರ್ಕಳದ ಹತ್ತಿರದ ನಮ್ಮ ಮನೆಯ ಹಟ್ಟಿಯಲ್ಲಿ ಬೊಳ್ಳ, ಪಾಂಡು ಎಂಬ ಎರಡು ಕೋಣಗಳಿವೆ. ಚಳಿಗಾಲ ಬಂತೆಂದರೆ ಅವನ್ನು ಲಾರಿ ಹತ್ತಿಸಿಕೊಂಡು ಊರೂರ ಕಂಬಳಕ್ಕೆ ಹೋಗುವುದು ನನ್ನ ಕೆಲಸ. ಹೆಂಡತಿ ಶಾರದೆಯ ಪ್ರಕಾರ ಅದು ಕೆಲಸವಲ್ಲ, ಕಾಯಿಲೆ. ಹರೆಯದಲ್ಲಿ ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ನಾನೇ ಓಡಿದ್ದೇನೆ. ಈಗ ಓಡಲು ಬೇರೆಯವರಿದ್ದಾರೆ, ನಾನು ದಡದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತೇನೆ. ಪ್ರಾಣಿಗಳ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆಯಲ್ಲೇ ಇಷ್ಟು ವರ್ಷ ಕಳೆದಿದ್ದೇನೆ. ಈ ಬರಹವನ್ನು ಪೂರ್ತಿ ಓದಿದವರು ನಕ್ಕರೆ ನನಗೆ ಬೇಸರವಿಲ್ಲ.

ಊರು ಬಿಡಿಸಿದವಳು ಮೊಮ್ಮಗಳು ದಿಯಾ. ಬಹರೈನಿನಲ್ಲಿ ಹುಟ್ಟಿ ಬೆಳೆದವಳು, ಐದನೇ ಕ್ಲಾಸು. ಫೋನಿನಲ್ಲಿ ಒಂದೇ ಹಟ. "ಅಜ್ಜ, ನಾನು ಹಾರ್ಸ್ ರೈಡ್ ಮಾಡ್ತೇನೆ. ಯು ಹ್ಯಾವ್ ಟು ಸೀ. ನೀವು ಕೋಣವನ್ನೇ ನೋಡ್ತಾ ಇರ್ತೀರಿ." ಆ ಮಾತು ಸ್ವಲ್ಪ ಚುಚ್ಚಿತು. ಕೋಣಗಳನ್ನು ತಮ್ಮನಿಗೆ ಒಪ್ಪಿಸಿ ವಿಮಾನ ಹತ್ತಿದೆ. ಶಾರದೆ ಬರಲಿಲ್ಲ. ತಮ್ಮನ ಮೇಲೆ ಅವಳಿಗೆ ನಂಬಿಕೆಯಿಲ್ಲ, ಕೋಣಗಳಿಗೆ ಹುರುಳಿ ಬೇಯಿಸುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡುವವಳಲ್ಲ.

ಮಗಳು ಮಮತಾ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮೂಳೆ ವಾರ್ಡಿನಲ್ಲಿ ಕೆಲಸ. ಅಳಿಯ ಸುಧೀರ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾನೆ. ಮಾತು ಕಡಿಮೆ, ನಗು ಹೆಚ್ಚು. ಇವರು ಬುಸೈತೀನ್ ಎಂಬ ಬಡಾವಣೆಯಲ್ಲಿ ಒಂದು ವಿಲ್ಲಾದ ಮೇಲಿನ ಭಾಗದಲ್ಲಿ ಬಾಡಿಗೆಗಿದ್ದಾರೆ. ಕೆಳಗೆ ಮನೆಯ ಯಜಮಾನ ಅಬು ನಾಸರ್ ಮತ್ತು ಅವನ ಹೆಂಡತಿ ಉಮ್ ನಾಸರ್. ಅಬು ಎಂದರೆ ಅಪ್ಪ, ಉಮ್ ಎಂದರೆ ಅಮ್ಮ, ನಾಸರ್ ಎಂಬುದು ಹಿರಿಯ ಮಗನ ಹೆಸರು. ಮಗ ಲಂಡನ್ನಿನಲ್ಲಿ ಓದುತ್ತಿದ್ದಾನೆ, ಅಪ್ಪ ಅಮ್ಮನನ್ನು ಇಡೀ ಬೀದಿ ಅವನ ಹೆಸರಿನಿಂದಲೇ ಕರೆಯುತ್ತದೆ. ನಮ್ಮಲ್ಲಿ ಮನೆಯ ಹೆಸರಿನಿಂದ ಮನುಷ್ಯರನ್ನು ಗುರುತಿಸುವ ಹಾಗೆಯೇ ಇದು, ನನಗೆ ಕೂಡಲೇ ಅಭ್ಯಾಸವಾಯಿತು.

ಕೆಳಗಿನ ಮನೆಯಿಂದ ಮೇಲಿನ ಮನೆಗೆ ತಟ್ಟೆ ತುಂಬ ತಿಂಡಿ ಬರುತ್ತದೆ. ತಟ್ಟೆ ಖಾಲಿ ಮರಳಿಸಬಾರದೆಂದು ಮಮತಾ ನೀರುದೋಸೆಯನ್ನೋ ಗೋಳಿಬಜೆಯನ್ನೋ ಹಾಕಿ ಕಳಿಸುತ್ತಾಳೆ. ಮತ್ತೆ ಕೆಳಗಿನವರಿಗೆ ಅದೇ ಸಂಕಟ. ಹೀಗೆ ಆ ಒಂದು ತಟ್ಟೆ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇದೆ, ಅದು ನಿಜವಾಗಿ ಯಾರ ಮನೆಯದೆಂದು ಈಗ ಇಬ್ಬರಿಗೂ ಮರೆತುಹೋಗಿದೆ. ಈ ತಟ್ಟೆಯ ಸ್ನೇಹದಿಂದಲೇ ದಿಯಾ ಕುದುರೆ ಹತ್ತಿದ್ದು. ಉಮ್ ನಾಸರಳ ತವರಿನಲ್ಲಿ ಕುದುರೆಗಳಿದ್ದವು. ಮದುವೆಯಾಗಿ ಬರುವಾಗ ಅವಳು ಕುದುರೆಗಳನ್ನೂ ತಂದಳು ಎಂದು ಅಬು ನಾಸರ್ ತಮಾಷೆ ಮಾಡುತ್ತಾನೆ. ಈಗಲೂ ಮೂರು ಕುದುರೆಗಳಿವೆ, ಊರ ಹೊರಗಿನ ಲಾಯದಲ್ಲಿ ಕಟ್ಟುತ್ತಾರೆ. ಅಲ್ಲಿ ಬೇಲಿ ಹಾಕಿದ ಅಂಗಳದಲ್ಲಿ ದಿಯಾ ಒಂದು ವರ್ಷದಿಂದ ರೀಮ್ ಎಂಬ ಹೆಣ್ಣು ಕುದುರೆಯ ಮೇಲೆ ಸುತ್ತು ಹಾಕುತ್ತಿದ್ದಳು.

ಚಳಿಗಾಲದಲ್ಲಿ ಬಹರೈನಿನವರು ಮನೆಯಲ್ಲಿರುವುದಿಲ್ಲ. ದಕ್ಷಿಣದ ಸಖೀರ್ ಎಂಬ ಬಯಲಿನಲ್ಲಿ ಡೇರೆ ಹಾಕಿ ಶುಕ್ರವಾರ, ಶನಿವಾರದ ರಜೆಗೆಲ್ಲ ಅಲ್ಲಿಗೇ ಹೋಗುತ್ತಾರೆ. ಕೆಳಗಿನ ಮನೆಯವರು ತಮ್ಮ ಕುದುರೆಗಳನ್ನೂ ಒಯ್ಯುತ್ತಾರೆ. ಡೇರೆ ಕೀಳುವ ಮುಂಚಿನ ಕೊನೆಯ ಶನಿವಾರ ಗಂಡ ಹೆಂಡತಿ ಇಬ್ಬರೂ ದೂರದ ಒಂದು ಗುಡ್ಡದವರೆಗೆ ಸವಾರಿ ಹೋಗಿ ಬರುವುದು ಅವರ ರೂಢಿ. ಈ ವರ್ಷ ಉಮ್ ನಾಸರ್ ನಮ್ಮನ್ನೆಲ್ಲ ಗುರುವಾರವೇ ಡೇರೆಗೆ ಬರಹೇಳಿದ್ದಳು, ಸವಾರಿಗೆ ದಿಯಾಳನ್ನೂ ಕರೆದಿದ್ದಳು. ಬೇಲಿಯಿಲ್ಲದ ಜಾಗದಲ್ಲಿ ಮೊದಲ ಸವಾರಿ. ದಿಯಾ ಅದರ ಕನಸಿನಲ್ಲೇ ಊಟ ಮಾಡುತ್ತಿದ್ದಳು.

ಮಮತಾ ಮಾತ್ರ ಬೇಡವೆಂದು ಕೂತಿದ್ದಳು. "ಅಪ್ಪ, ದಿನಾ ಬೆಳಗಾದ್ರೆ ನಾನು ಮುರಿದ ಕೈಕಾಲೇ ನೋಡೋದು. ಮರಳಲ್ಲಿ ಓಡಿಸೋ ಬಗ್ಗಿ ಗಾಡಿ, ಬೈಕು, ಕುದುರೆ, ಎಲ್ಲದ್ರಿಂದ ಬಿದ್ದವ್ರೂ ನಮ್ಮಲ್ಲೇ ಬರೋದು. ಬೇಲಿ ಒಳಗೆ ಸಾಕು ಇವಳಿಗೆ."

"ನಾನಿದ್ದೇನಲ್ಲ ಮಾರಾಯ್ತಿ," ಎಂದೆ. "ಶುಕ್ರವಾರ ನಾನೇ ಹಗ್ಗ ಹಿಡಿದು ಕುದುರೆ ನಡೆಸ್ತೇನೆ. ಸರಿ ಕಂಡ್ರೆ ಶನಿವಾರ ಕಳಿಸು."

ಮಮತಾ ದಿಯಾಳ ಕಡೆ ಬೆರಳು ತೋರಿಸಿ ಹೇಳಿದಳು: "ಆಯ್ತು. ಆದ್ರೆ ಒಂಚೂರು ಹೆಚ್ಚು ಕಡಿಮೆ ಆದ್ರೂ ಖಲಾಸ್. ಗುಡ್ಡವೂ ಇಲ್ಲ, ಲಾಯವೂ ಇಲ್ಲ. ಕುದುರೆಯೇ ಇಲ್ಲ." ದಿಯಾ ನನ್ನ ಕೊರಳಿಗೆ ಜೋತುಬಿದ್ದಳು. ಮಗುವಿನ ಇಡೀ ಆಸೆ ಈಗ ನನ್ನ ಕೈಯಲ್ಲಿತ್ತು, ನನಗೆ ಅದರಿಂದ ಹೆಮ್ಮೆಯೇ ಆಯಿತು.

ಸೆಗಯಾ: ಒಂದು ಚೀಲ ಹುರುಳಿ

ಬರಿಗೈಯಲ್ಲಿ ಯಾರ ಡೇರೆಗೂ ಹೋಗುವವನಲ್ಲ ನಾನು. ಮನುಷ್ಯರಿಗೆ ಮಮತಾ ಏನೋ ಮಾಡಿಕೊಂಡಳು. ಕುದುರೆಗಳಿಗೆ ಏನು ಒಯ್ಯುವುದು? ಕಂಬಳದ ಕೋಣಕ್ಕೆ ಹುರುಳಿಯೇ ಬಲ. ಕುದುರೆಗೂ ಹುರುಳಿ ಹಾಕುತ್ತಾರೆಂದು ಚಿಕ್ಕಂದಿನಿಂದ ಕೇಳಿದ್ದೇನೆ. ಸುಧೀರನನ್ನು ಹೊರಡಿಸಿ, ನಮ್ಮ ಕಡೆಯವರೇ ಹೆಚ್ಚಿರುವ ಸೆಗಯಾ ಎಂಬ ಪೇಟೆಗೆ ಹೋದೆ.

ಸೆಗಯಾ ನನಗೆ ತುಂಬ ಹಿಡಿಸಿತು. ಹಳೆಯ ಕಟ್ಟಡಗಳು, ಬಾಲ್ಕನಿಗಳಲ್ಲಿ ಒಣಗುವ ಲುಂಗಿಗಳು, ಕೆಳಗೆ ಕ್ಷೌರದಂಗಡಿ, ದರ್ಜಿಯ ಅಂಗಡಿ, ಚಾದಂಗಡಿ. ಹರೆಯದಲ್ಲಿ ನಾನು ಮುಂಬೈಯ ಹೋಟೆಲಿನಲ್ಲಿ ಕೆಲವು ವರ್ಷ ದುಡಿದವನು. ನನ್ನ ಹಿಂದಿ ಅಲ್ಲಿಯದು. ಸೆಗಯಾದಲ್ಲಿ ಆ ಹಿಂದಿಯನ್ನು ಎಲ್ಲರೂ ಮಾತಾಡುತ್ತಾರೆ, ಯಾರೂ ತಿದ್ದುವುದಿಲ್ಲ. ಇನ್ನು ಬೀದಿ ದಾಟುವ ವಿಷಯ. ನಾನು ರಸ್ತೆಯಂಚಿನಲ್ಲಿ ಹೆಜ್ಜೆ ಇಟ್ಟದ್ದೇ ತಡ, ಬರುತ್ತಿದ್ದ ಕಾರು ಗಕ್ಕನೆ ನಿಂತಿತು. ನನಗಾಗಿ ನಿಂತದ್ದೆಂದು ತಿಳಿಯದೆ ನಾನು ಅದು ಹೋಗಲೆಂದು ಕಾದೆ, ಅದು ನಾನು ಹೋಗಲೆಂದು ಕಾದಿತು. ಕೊನೆಗೆ ಡ್ರೈವರ್ ಇಳಿದುಬಂದು ಕೈಹಿಡಿದು ದಾಟಿಸುವನೇನೋ ಎಂಬಷ್ಟು ಹೊತ್ತಾಯಿತು.

ಕಿರಾಣಿ ಅಂಗಡಿಯವನು ಕಾಸರಗೋಡಿನ ಕಡೆಯವನು. ಹುರುಳಿಯ ದೊಡ್ಡ ಚೀಲವನ್ನು ನಾನು ಎತ್ತಿಕೊಂಡದ್ದು ಕಂಡು ಅವನ ಮುಖದಲ್ಲಿ ಕನಿಕರ ಮೂಡಿತು. "ಯಾರಿಗೆ ಕಲ್ಲು? ನಿಮ್ಗಾ?" ಎಂದು ಕೇಳಿದ. ನಮ್ಮ ಕಡೆ ಮೂತ್ರದಲ್ಲಿ ಕಲ್ಲಾದರೆ ಹುರುಳಿ ಬೇಯಿಸಿದ ನೀರು ಕುಡಿಯುತ್ತಾರಲ್ಲ, ಅದು.

"ಕಲ್ಲೂ ಇಲ್ಲ ಎಂತದೂ ಇಲ್ಲ. ಕುದುರೆಗೆ."

"ಇಲ್ಲಿಯ ಕುದ್ರೆಗಳಿಗೆ ಖರ್ಜೂರವೇ ಸಿಗ್ತದೆ ಯಜಮಾನ್ರೆ, ನಿಮ್ಮ ಹುರುಳಿ ಮೂಸಿ ನೋಡಿಯಾವಾ?" ಎಂದು ಅವನು ನಕ್ಕ. ನಾನು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಖರ್ಜೂರ ತಿಂದ ಕುದುರೆ ಬೇರೆ, ಹುರುಳಿ ತಿಂದ ಕುದುರೆ ಬೇರೆ ಎಂದು ಸುಧೀರನಿಗೆ ಕಾರಿನಲ್ಲಿ ವಿವರಿಸಿದೆ, ಅವನು ನಗುತ್ತಾ ಗಾಡಿ ಓಡಿಸಿದ.

ಸಖೀರ್: ಗುರುವಾರ ಸಂಜೆ

ಮರುಭೂಮಿ ಎಂದರೆ ಅಲೆಅಲೆಯಾದ ಮರಳು ಎಂದುಕೊಂಡಿದ್ದೆ. ಇಲ್ಲಿ ಹಾಗಿಲ್ಲ. ಗಟ್ಟಿ ನೆಲ, ಮೇಲೆ ಸಣ್ಣ ಜಲ್ಲಿ, ಅಲ್ಲಲ್ಲಿ ಕುರುಚಲು. ನೆಲದ ಮೇಲೆ ದೂರದವರೆಗೆ ಎಣ್ಣೆಯ ಪೈಪುಗಳು ಹಾದುಹೋಗಿವೆ, ನಡುನಡುವೆ ಎಣ್ಣೆ ಎತ್ತುವ ಯಂತ್ರಗಳು ತಲೆಯಾಡಿಸುತ್ತಾ ನಿಂತಿವೆ. ಆ ಬಯಲಿನಲ್ಲಿ ಕಣ್ಣು ಹಾಯುವವರೆಗೂ ಡೇರೆಗಳು. ಒಂದೊಂದು ಕುಟುಂಬವೂ ಬಟ್ಟೆಯ ಬೇಲಿ ಕಟ್ಟಿ ಬಾವುಟ ನೆಟ್ಟು ತನ್ನ ಜಾಗ ಮಾಡಿಕೊಂಡಿದೆ. ಒಳಗೆ ಟಿವಿ, ಫ್ರಿಜ್ಜು, ಮಕ್ಕಳಿಗೆ ಉಯ್ಯಾಲೆ. ಮನೆಯಲ್ಲಿದ್ದುದನ್ನೆಲ್ಲ ಹೊತ್ತು ತಂದು ಮನೆ ಬಿಟ್ಟು ಬಂದೆವೆಂದು ಸಂತೋಷಪಡುವ ಈ ಜನರ ಮೇಲೆ ನನಗೆ ಮೊದಲ ನೋಟಕ್ಕೇ ಪ್ರೀತಿ ಹುಟ್ಟಿತು. ಕಂಬಳಕ್ಕೆ ಹೋಗುವಾಗ ನಮ್ಮ ಲಾರಿಯಲ್ಲೂ ಕೋಣಗಳಿಗಿಂತ ಸಾಮಾನೇ ಹೆಚ್ಚಿರುತ್ತದೆ.

ಅಬು ನಾಸರ್ ಎದುರುಗೊಂಡ. ಎತ್ತರದ ಆಳು, ಹೊಟ್ಟೆ ಸ್ವಲ್ಪ ಮುಂದೆ. ಗಂಡ ಹೆಂಡತಿ ಇಬ್ಬರಿಗೂ ಹಿಂದಿ ಚೆನ್ನಾಗಿ ಬರುತ್ತದೆ. ಉಮ್ ನಾಸರ್ ಐವತ್ತರ ಆಸುಪಾಸಿನ ಹೆಂಗಸು, ಕಪ್ಪು ನಿಲುವಂಗಿಯ ಕೆಳಗೆ ಸವಾರಿಯ ಬೂಟು. ಡೇರೆಯ ಹಿಂದೆ ಮೂರು ಕುದುರೆಗಳು ಚಳಿಗೆ ಕಂಬಳಿ ಹೊದ್ದುಕೊಂಡು ನಿಂತಿದ್ದವು. ನಾನು ಹುರುಳಿ ಚೀಲವನ್ನು ಉಮ್ ನಾಸರಳ ಕೈಗೆ ಕೊಟ್ಟೆ. ಅವಳು ಎದೆಯ ಮೇಲೆ ಕೈಯಿಟ್ಟು ಏನೇನೋ ಹರಸಿ ಒಳಗೆ ಒಯ್ದಳು. ಕುದುರೆಗಳ ಆಹಾರವನ್ನು ಅಡುಗೆಯ ಡೇರೆಗೆ ಏಕೆ ಒಯ್ದಳೆಂದು ಒಂದು ಕ್ಷಣ ಅನ್ನಿಸಿತು, ನೆನೆಹಾಕಲು ಇರಬೇಕೆಂದು ಸುಮ್ಮನಾದೆ.

ಶಾರದೆಗೆ ವಿಡಿಯೊ ಕಾಲ್ ಮಾಡಿ ಕುದುರೆ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಮೂಗುದಾರ ಎಲ್ಲುಂಟು ಅದಕ್ಕೆ?"

"ಕುದುರೆಗೆ ಮೂಗುದಾರ ಇಲ್ಲ."

"ಮತ್ತೆ ಹಿಡಿಯೋದು ಹೇಗೆ?"

"ಬಾಯಿಗೆ ಲಗಾಮು ಉಂಟು."

"ಬಾಯಿ ಹಿಡಿದ್ರೆ ನಿಲ್ತದಾ ಅಷ್ಟು ದೊಡ್ಡ ಜೀವ? ನೀವು ಹುಷಾರು. ಅದು ಪಾಂಡು ಅಲ್ಲ." ಹೆಂಡತಿಯ ಮಾತಿಗೆ ನಾನು ಹೂಂ ಎಂದೆ, ಯಾವತ್ತೂ ಎನ್ನುವ ಹಾಗೆ.

ಬೆಂಕಿಯ ಸುತ್ತ ಕೂತಾಗ ಅಬು ನಾಸರ್ ಕಂಬಳದ ಬಗ್ಗೆ ಕೇಳಿದ. ಕೇಳಬಾರದಿತ್ತು. ಫೋನು ತೆಗೆದು ವಿಡಿಯೊ ಹಾಕಿದೆ. ಕೆಸರುನೀರು ಎರಡಾಳೆತ್ತರ ಚಿಮ್ಮಿಸಿ ಬರುವ ಬೊಳ್ಳ ಪಾಂಡು, ಹಿಂದೆ ಹಾರಿಕೊಂಡು ಬರುವ ಓಟಗಾರ. "ಮಾಶಾ ಅಲ್ಲಾ!" ಎಂದು ಗಂಡ ಹೆಂಡತಿ ಇಬ್ಬರೂ ಮತ್ತೆ ಮತ್ತೆ ನೋಡಿದರು. ಉಮ್ ನಾಸರ್ ಒಂದು ಪ್ರಶ್ನೆ ಕೇಳಿದಳು. "ಇವನು ಹಿಂದೆ ಯಾಕೆ ಓಡುತ್ತಾನೆ? ಮೇಲೆ ಕೂರಬಾರದೇ?"

"ಹಿಂದೆ ನಾವಿದ್ದರೇ ಅವು ಓಡುವುದು," ಎಂದೆ. "ಕೂಗು ಕಿವಿಗೆ ಬೀಳಬೇಕು, ಕೈ ಬೆನ್ನಿಗೆ ಬೀಳಬೇಕು. ಆಮೇಲೆ ನೋಡಿ."

ನಾಳೆ ರೀಮಳ ಹಗ್ಗ ನಾನೇ ಹಿಡಿಯುವುದೆಂದು ತೀರ್ಮಾನವಾಯಿತು. ಇಂಥ ಪ್ರಾಣಿಗಳನ್ನು ಸಾಕಿದವನಿಗೆ ಕುದುರೆಯೇನು ಮಹಾ ಎಂದು ಅಬು ನಾಸರ್ ಹೇಳಿದ. ದಿಯಾ ನನ್ನ ಪಕ್ಕಕ್ಕೆ ಸರಿದು ಕೂತಳು. ಮಮತಾ ಬೆಂಕಿಯನ್ನೇ ನೋಡುತ್ತಿದ್ದಳು.

ಶುಕ್ರವಾರ

ಮಧ್ಯಾಹ್ನ ನಮಾಜು ಮುಗಿದ ಮೇಲೆ ಊಟ. ನೆಲದ ಮೇಲೆ ದೊಡ್ಡ ಹರಿವಾಣ, ಅದರಲ್ಲಿ ಮಸಾಲೆ ಅನ್ನದ ಬೆಟ್ಟ, ಮೇಲೆ ಕುರಿಮಾಂಸ. ಎಲ್ಲರೂ ಒಂದೇ ಹರಿವಾಣಕ್ಕೆ ಕೈಹಾಕಬೇಕು. ಬಾಳೆಲೆಯಲ್ಲಿ ನನ್ನ ಉಪ್ಪು ನನಗೆ, ನನ್ನ ಪಲ್ಯ ನನಗೆ ಎಂದು ಬೆಳೆದವನು ನಾನು. ಯಾವ ಕಡೆಯಿಂದ ಯಾರದು ಎಂದು ತಿಳಿಯದೆ ಮೊದಲು ಅನ್ನದಲ್ಲಿ ಒಂದು ಗೆರೆ ಕೊರೆದು ಗಡಿ ಹಾಕಿಕೊಂಡೆ. ಆದರೆ ಅಬು ನಾಸರ್ ಒಳ್ಳೊಳ್ಳೆಯ ಮಾಂಸದ ತುಂಡುಗಳನ್ನು ಬಿಡಿಸಿ ಬಿಡಿಸಿ ನನ್ನ ಗಡಿಯೊಳಗೆ ಎಸೆಯುತ್ತಲೇ ಇದ್ದ. ಇಂಥ ನೆರೆಯವರಿದ್ದರೆ ಗಡಿ ಯಾಕೆ ಬೇಕು?

ಆಮೇಲೆ ಉಮ್ ನಾಸರ್ ಒಂದು ದೊಡ್ಡ ಬೋಗುಣಿ ತಂದು ನನ್ನ ಮುಂದೆಯೇ ಇಟ್ಟಳು. ಮುಖದಲ್ಲಿ ಏನೋ ಗೆದ್ದ ಖುಷಿ. ಬೋಗುಣಿಯಲ್ಲಿ ನಿಂಬೆ, ಜೀರಿಗೆ, ಒಣಮೆಣಸು ಹಾಕಿದ ಕಂದು ಬಣ್ಣದ ಸಾರು. ಸುಧೀರ ಒಂದು ಚಮಚ ಬಾಯಿಗಿಟ್ಟು ನನ್ನ ಮುಖ ನೋಡಿದ. ನಾನೂ ತಿಂದೆ. ಹುರುಳಿ! ನಾನು ಕುದುರೆಗೆಂದು ತಂದದ್ದನ್ನು ನಮ್ಮ ಊರಿನ ಬೇಳೆಯೆಂದು ತಿಳಿದು ಅವಳು ಬೆಳಗಿನಿಂದ ಬೇಯಿಸಿದ್ದಳು.

"ಹೇಗಿದೆ?" ಎಂದು ಕೇಳಿದಳು.

"ಬಹುತ್ ಬಢಿಯಾ," ಎಂದೆ. ನಿಜವಾಗಿಯೂ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಸುಧೀರ ಮಾತ್ರ ನಗು ತಡೆಯಲಾರದೆ ಕೈತೊಳೆಯಲು ಎದ್ದುಹೋದ. ಕುದುರೆಗಳಿಗೆ ಒಂದು ಕಾಳೂ ಸಿಗಲಿಲ್ಲ.

ಬಿಸಿಲು ಇಳಿದ ಮೇಲೆ ಉಮ್ ನಾಸರ್ ರೀಮಳಿಗೆ ಜೀನು ಬಿಗಿದಳು. ದಿಯಾ ಹೆಲ್ಮೆಟ್ ಹಾಕಿಕೊಂಡು ಹತ್ತಿದಳು, ಲಗಾಮು ಅವಳ ಕೈಯಲ್ಲಿ. ಅದರ ಜೊತೆಗೆ ಬೇರೆ ಒಂದು ಹಗ್ಗ, ಅದು ನನ್ನ ಕೈಯಲ್ಲಿ. ಮಮತಾ ಡೇರೆಯ ಬಾಗಿಲಲ್ಲಿ ಕೈಕಟ್ಟಿ ನಿಂತಳು. ಡೇರೆಯ ಬೇಲಿ ದಾಟಿ ಬಯಲಿಗೆ ಬಂದೆವು. ರೀಮ್ ಬಹಳ ಮರ್ಯಾದೆಯಿಂದ ನಡೆದಳು. ನಾನು ಅಕ್ಕಪಕ್ಕದ ಡೇರೆಯವರಿಗೆಲ್ಲ ತಲೆಯಾಡಿಸುತ್ತಾ ಮುಂದೆ ಮುಂದೆ ಹೋದೆ.

ಸ್ವಲ್ಪ ದೂರದಲ್ಲಿ ಒಂದು ಕುರುಚಲಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಹಾಕಿಕೊಂಡು ಗಾಳಿಗೆ ಪಟಪಟ ಎನ್ನುತ್ತಿತ್ತು. ರೀಮ್ ಅದನ್ನು ಕಂಡು ನಿಂತಳು. ಕಿವಿ ಎರಡೂ ಮುಂದೆ. ನಾನು ಹಗ್ಗ ಎಳೆದೆ. ಅವಳು ಕುತ್ತಿಗೆ ಎತ್ತಿ ಇನ್ನೂ ಹಿಂದಕ್ಕೆ ವಾಲಿದಳು.

"ಅಜ್ಜ, ಡೋಂಟ್ ಪುಲ್. ಲೆಟ್ ಹರ್ ಲುಕ್," ಎಂದಳು ದಿಯಾ. "ಅವಳು ನೋಡಿ ಆದ್ಮೇಲೆ ಬರ್ತಾಳೆ."

ಪ್ಲಾಸ್ಟಿಕ್ ಚೀಲ ನೋಡಲು ಎಷ್ಟು ಹೊತ್ತು ಬೇಕು? ಪಕ್ಕದ ಡೇರೆಯವರು ಕರಕ್ ಚಹಾದ ಕಪ್ಪು ಹಿಡಿದು ನಮ್ಮನ್ನೇ ನೋಡುತ್ತಿದ್ದರು. ನನಗೆ ಮೈ ಬಿಸಿಯಾಯಿತು. ಮೊಂಡು ಹಿಡಿದ ಕೋಣಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಹಗ್ಗದ ತುದಿಯನ್ನು ದಿಯಾಳ ಕೈಗೆ ಕೊಟ್ಟೆ, ಕುದುರೆಯ ಹಿಂದಕ್ಕೆ ಬಂದೆ, ಕಂಬಳದ ಕೂಗು ಹಾಕಿ ಅವಳ ಬೆನ್ನ ಹಿಂಭಾಗಕ್ಕೆ ಛಟೀರೆಂದು ಏಟು ಕೊಟ್ಟೆ.

ಅವಳ ಹಿಂಗಾಲು ನನ್ನ ಮೊಣಕಾಲಿನ ಪಕ್ಕದಲ್ಲೇ ಗಾಳಿ ಸೀಳಿ ಹೋಯಿತು. ಮರುಕ್ಷಣ ಎದುರು ಕುದುರೆಯಿಲ್ಲ, ಧೂಳು ಮಾತ್ರ. ರೀಮ್ ದಿಯಾಳನ್ನು ಹೊತ್ತು ಪೈಪುಗಳ ಕಡೆ ಓಡುತ್ತಿದ್ದಳು. ಮಗುವಿನ ಕೆಂಪು ಜಾಕೆಟ್ಟು ಮೇಲೆ ಕೆಳಗೆ ಕುಣಿಯುತ್ತಿತ್ತು.

ನಾನು ಓಡಿದೆ. ಈ ವಯಸ್ಸಿನಲ್ಲಿ ಅಷ್ಟು ಓಡಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಚಪ್ಪಲಿ ಎಲ್ಲೋ ಬಿತ್ತು. "ನಿಲ್ಲು! ನಿಲ್ಲು!" ಎಂದು ಇದ್ದಷ್ಟು ಗಂಟಲಿನಲ್ಲಿ ಕೂಗಿದೆ. ಪ್ರಾಣಿ ಕೈತಪ್ಪಿದರೆ ಹಿಂದೆ ಓಡಬೇಕು, ಹಿಡಿಯಬೇಕು, ನನ್ನ ಕಾಲುಗಳಿಗೆ ಗೊತ್ತಿದ್ದದ್ದು ಅದೊಂದೇ. ಆದರೆ ನಾನು ಓಡಿದಷ್ಟೂ ಅವಳು ಓಡಿದಳು, ನಾನು ಕೂಗಿದಷ್ಟೂ ಅವಳ ವೇಗ ಹೆಚ್ಚಿತು.

ಹಿಂದಿನಿಂದ ಉಮ್ ನಾಸರ್ ಕಿರುಚುವುದು ಕೇಳಿಸಿತು. "ಬೈಠೋ! ಬೈಠ್ ಜಾವೋ!" ನನಗೇ ಹೇಳುತ್ತಿದ್ದಾಳೆಂದು ಗೊತ್ತಾಯಿತು. ಆದರೆ ಹೇಗೆ ಕೂರುವುದು? ನನ್ನ ಮೊಮ್ಮಗಳು ಅಲ್ಲಿ. ಉಮ್ ನಾಸರ್ ನನ್ನ ಬೆನ್ನಟ್ಟಿ ಬಂದು ಶರ್ಟಿನ ಹಿಂಭಾಗ ಹಿಡಿದು ಜಗ್ಗಿದಳು. "ನಿನ್ನಿಂದಲೇ ರೀಮ್ ಓಡುತ್ತಿದ್ದಾಳೆ! ಕೂರು!"

ಕೂತೆ. ಜಲ್ಲಿಯ ಮೇಲೆ, ಬರಿಗಾಲಿನಲ್ಲಿ, ಎರಡೂ ಕೈ ನೆಲಕ್ಕೆ ಊರಿ. ನನ್ನ ಬಾಳಿನಲ್ಲಿ ಇಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಮೈಯೆಲ್ಲ ಎದ್ದು ಓಡು ಎನ್ನುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಉಮ್ ನಾಸರ್ ನನ್ನ ಹೆಗಲ ಮೇಲೆ ಕೈ ಒತ್ತಿ ನಿಂತಿದ್ದಳು.

ಹಿಂದಿನ ಗದ್ದಲ ನಿಂತದ್ದೇ ರೀಮಳ ಕಾಲು ನಿಧಾನವಾಯಿತು. ಅಷ್ಟರಲ್ಲಿ ದಿಯಾ ಒಂದೇ ಕಡೆಯ ಲಗಾಮು ಎಳೆದು ಅವಳನ್ನು ಸುತ್ತು ತಿರುಗಿಸಿದಳು. ದೊಡ್ಡ ಸುತ್ತು, ಆಮೇಲೆ ಅದಕ್ಕಿಂತ ಸಣ್ಣ ಸುತ್ತು, ಇನ್ನೂ ಸಣ್ಣದು. ಪೈಪುಗಳಿಗೆ ಸ್ವಲ್ಪ ಈಚೆ ಕುದುರೆ ನಿಂತಿತು. ದಿಯಾ ಅದರ ಕುತ್ತಿಗೆ ತಟ್ಟಿ, ತಿರುಗಿಸಿ, ನಡಿಗೆಯಲ್ಲಿ ವಾಪಸು ತಂದಳು. ಮುಖ ಬಿಳುಚಿಕೊಂಡಿತ್ತು. "ಅಜ್ಜ, ಆರ್ ಯು ಓಕೆ?" ಎಂದು ಅವಳೇ ನನ್ನನ್ನು ಕೇಳಿದಳು.

ಮಮತಾ ಓಡಿ ಬಂದು ಮಗಳನ್ನು ಇಳಿಸಿದಳು. ಕುತ್ತಿಗೆ, ಹೆಗಲು, ಮೊಣಕೈ, ಬೆರಳು, ಒಂದೊಂದನ್ನೇ ಒತ್ತಿ ನೋಡಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ಎದ್ದು ನಿಂತು, "ಖಲಾಸ್," ಎಂದಳು. ಆಗ ದಿಯಾ ಅತ್ತಳು.

ಸಂಜೆ ಬೆಂಕಿಯ ಹತ್ತಿರ ದಿಯಾ ಕುದುರೆಗಳ ಕಡೆಗೆ ಬೆನ್ನು ಹಾಕಿ ಕೂತಿದ್ದಳು. ನಾನು ಮಮತಾಳ ಪಕ್ಕ ಹೋಗಿ ಕೂತೆ.

"ತಪ್ಪು ನನ್ನದು ಮಗಾ. ಕುದುರೆಯದ್ದಲ್ಲ, ಮಗುವಿನದ್ದಂತೂ ಅಲ್ಲವೇ ಅಲ್ಲ. ಅವಳು ಎಷ್ಟು ಚಂದ ನಿಲ್ಲಿಸಿದ್ಳು ನೋಡಿದಿಯಲ್ಲ."

"ನೋಡ್ದೆ. ತಪ್ಪು ನಿಮ್ಮದು ಅಂತಲೂ ಗೊತ್ತುಂಟು ಅಪ್ಪ," ಎಂದಳು ಮಮತಾ. ಸಿಟ್ಟಿರಲಿಲ್ಲ, ದಣಿವಿತ್ತು. "ಆದ್ರೆ ಯಾರ ತಪ್ಪು ಅಂತ ಮೂಳೆಗೆ ಗೊತ್ತಾಗುದಿಲ್ಲ."

ನಾನು ಬೆಂಕಿಗೆ ಇನ್ನೊಂದು ಕಟ್ಟಿಗೆ ತಳ್ಳಿದೆ.

ಶನಿವಾರ ಬೆಳಗ್ಗೆ

ಎದ್ದು ಹೊರಗೆ ಬಂದಾಗ ಡೇರೆಯ ಬಟ್ಟೆಯೆಲ್ಲ ಇಬ್ಬನಿಯಿಂದ ಒದ್ದೆಯಾಗಿತ್ತು. ಮರುಭೂಮಿಯಲ್ಲಿ ಇಬ್ಬನಿ ಬೀಳುತ್ತದೆಂದು ಊರಿನಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಉಮ್ ನಾಸರ್ ಮೂರು ಕುದುರೆಗಳಿಗೂ ಜೀನು ಹಾಕುತ್ತಿದ್ದಳು. ಮೂರಕ್ಕೂ! ನಾನು ಬೆರಗಾಗಿ ನೋಡಿದೆ. ಅವಳು ನೇರವಾಗಿ ಮಮತಾಳ ಹತ್ತಿರ ಹೋದಳು. ಇಬ್ಬರೂ ಅರಬ್ಬಿಯಲ್ಲಿ ಮಾತಾಡಿದರು. ಆಸ್ಪತ್ರೆಯಲ್ಲಿ ದುಡಿದು ದುಡಿದು ಮಮತಾಳ ಅರಬ್ಬಿ ನನ್ನ ಹಿಂದಿಗಿಂತ ಚೆನ್ನಾಗಿದೆ. ನನಗೆ ಒಂದಕ್ಷರ ತಿಳಿಯದು. ಸುಧೀರ ಪಿಸುಮಾತಿನಲ್ಲಿ ಹೇಳುತ್ತಾ ಹೋದ.

"ಮಾವ, ಕುದುರೆ ಹೆದರಿ ಓಡಿದ್ರೆ ಮರುದಿನ ಬೆಳಗ್ಗೆನೇ ಅದೇ ಸವಾರ ಹತ್ತಿ ಅದೇ ದಾರಿಯಲ್ಲಿ ಕರ್ಕೊಂಡು ಹೋಗ್ಬೇಕಂತೆ. ಅವ್ರ ಅಪ್ಪನ ಮನೆಯಲ್ಲಿ ಹಾಗೇ ಅಂತೆ. ಇಲ್ಲದಿದ್ರೆ ಆ ಹೆದರಿಕೆ ಇಬ್ರಲ್ಲೂ ಉಳೀತದಂತೆ."

"ಮಮತಾ ಎಂತ ಹೇಳಿದ್ಳು?"

"ಬೇಡ ಅಂತಲೇ."

"ಉಮ್ ನಾಸರ್ ಎಂತ ಹೇಳ್ತಾಳೆ?"

ಸುಧೀರ ಸ್ವಲ್ಪ ಕೇಳಿಸಿಕೊಂಡು, "ನಿನ್ನ ಮಗಳಿಗೋಸ್ಕರ ಅಲ್ಲದಿದ್ರೂ ಕುದುರೆಗೋಸ್ಕರ ಆ ಪ್ಲಾಸ್ಟಿಕ್ ಇದ್ದ ಜಾಗದವರೆಗೆ ಸಾಕು ಅಂತಿದ್ದಾರೆ. ಹಗ್ಗ ನೀನೇ ಹಿಡಿ ಅಂತ," ಎಂದ.

"ಯಾರು, ಮಮತಾನಾ?" ನನ್ನ ಮಗಳು ಚಿಕ್ಕಂದಿನಲ್ಲಿ ನಮ್ಮ ಹಟ್ಟಿಯ ಕರುವಿನ ಮೂತಿ ಕೂಡ ಮುಟ್ಟಿದವಳಲ್ಲ.

ಮಮತಾ ದಿಯಾಳನ್ನು ನೋಡಿದಳು. ದಿಯಾ ಕೈಯಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದಳು ಅಷ್ಟೇ. ಹಾಗೆ ನಿಂತದ್ದನ್ನು ನೋಡಲು ನನಗೇ ಆಗಲಿಲ್ಲ, ತಾಯಿಗೆ ಹೇಗಾಗಿರಬೇಡ. ಮಮತಾ ಶಾಲನ್ನು ಸೊಂಟಕ್ಕೆ ಬಿಗಿದು ಹಗ್ಗ ತೆಗೆದುಕೊಂಡಳು.

ಉಮ್ ನಾಸರ್ ಅವಳನ್ನು ಕುದುರೆಯ ಮುಂದಿನಿಂದ ಸರಿಸಿ ಹೆಗಲಿನ ಪಕ್ಕ ನಿಲ್ಲಿಸಿದಳು. ಎಳೆಯಬೇಡ, ಅವಳ ಮುಖ ನೋಡಬೇಡ, ನೀನು ಹೋಗುವ ಕಡೆ ನೋಡು ಎಂದಳಂತೆ. ಮಮತಾ ಹೊರಟಳು. ಮೊದಲು ಹೆಜ್ಜೆಗಳು ಬಿಗಿಯಾಗಿದ್ದವು. ರೀಮ್ ಅವಳ ಪಕ್ಕದಲ್ಲಿ ಅವಳದೇ ಹೆಜ್ಜೆಗೆ ಹೆಜ್ಜೆ ಹಾಕಿದಳು. ಪ್ಲಾಸ್ಟಿಕ್ ಚೀಲ ಇನ್ನೂ ಅದೇ ಕುರುಚಲಿನಲ್ಲಿತ್ತು. ರೀಮ್ ನಿಂತಳು. ಮಮತಾಳೂ ನಿಂತಳು. ಎಳೆಯಲಿಲ್ಲ, ಕೂಗಲಿಲ್ಲ. ಎಷ್ಟೋ ಹೊತ್ತು ಮೂವರೂ ಆ ಚೀಲವನ್ನು ನೋಡಿದರು. ಆಮೇಲೆ ಕುದುರೆ ಮೂಗಿನಿಂದ ಉಸಿರು ಬಿಟ್ಟು ತಾನಾಗಿ ಅದನ್ನು ದಾಟಿತು.

ಅಲ್ಲಿಗೆ ತಿರುಗಿ ಬರಬೇಕಿತ್ತು. ಮಮತಾ ತಿರುಗಲಿಲ್ಲ. ಡೇರೆಗಳ ಸಾಲು ಮುಗಿಯುವವರೆಗೂ ನಡೆದಳು. ಅಬು ನಾಸರ್, ಉಮ್ ನಾಸರ್ ತಮ್ಮ ಕುದುರೆ ಹತ್ತಿ ನಿಧಾನವಾಗಿ ಹಿಂಬಾಲಿಸಿದರು. ದೂರದಿಂದ ನನಗೆ ಕಂಡದ್ದು ಇಷ್ಟು: ಮಮತಾ ದಿಯಾಳ ಮೊಣಕಾಲ ಮೇಲೆ ಕೈಯಿಟ್ಟು ಏನೋ ಹೇಳಿದಳು, ದಿಯಾ ಜೋರಾಗಿ ತಲೆಯಾಡಿಸಿದಳು. ಆಮೇಲೆ ಮಮತಾ ಹಗ್ಗದ ಕೊಕ್ಕೆ ಬಿಚ್ಚಿದಳು.

ಮೂರು ಕುದುರೆಗಳು ಗುಡ್ಡದ ಕಡೆ ಹೊರಟವು. ಮುಂದೆ ಅಬು ನಾಸರ್, ನಡುವೆ ಕೆಂಪು ಜಾಕೆಟ್ಟು, ಹಿಂದೆ ಉಮ್ ನಾಸರ್. ಮೊದಲು ನಡಿಗೆ, ಆಮೇಲೆ ಓಟ. ನಾನು ಚಪ್ಪಲಿ ಮೆಟ್ಟಿಕೊಂಡು ಮಮತಾಳ ಹತ್ತಿರ ಹೋದೆ. ಅವಳು ಜಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಮಡಿಲಲ್ಲಿ ಹಗ್ಗ. ನಾನೂ ಪಕ್ಕದಲ್ಲಿ ಕೂತೆ.

ಕೆಂಪು ಚುಕ್ಕೆ ಗುಡ್ಡದ ಬುಡ ತಲುಪಿ ಒಂದು ತಗ್ಗಿನಲ್ಲಿ ಇಳಿಯಿತು. ಕಾಣಿಸಲಿಲ್ಲ. ಇನ್ನೂ ಕಾಣಿಸಲಿಲ್ಲ. ನನಗರಿವಿಲ್ಲದೆ ಒಂದು ಕೈ ನೆಲಕ್ಕೆ ಊರಿದ್ದೆ, ಮೊಣಕಾಲು ಮೇಲೆದ್ದಿತ್ತು. ಮಮತಾ ಗುಡ್ಡದಿಂದ ಕಣ್ಣು ತೆಗೆಯದೆ ನನ್ನ ಮಣಿಕಟ್ಟು ಹಿಡಿದಳು.

"ಅಪ್ಪ, ಕೂತ್ಕೊಳ್ಳಿ," ಎಂದಳು. "ನೀವು ಎದ್ರೆ ನಾನೂ ಏಳ್ತೇನೆ."